ಅಮ್ಮ ಏನು ತಿಂದಳು ಅಂತ ಎಲ್ಲರೂ ಕೇಳಿದರು, ಅಪ್ಪನನ್ನು ಯಾರೂ ಕೇಳಲಿಲ್ಲ

(ಈ ಮಾತಿನ ವಿಡಿಯೊ ನಮ್ಮ ಚಾನೆಲ್‌ನಲ್ಲಿದೆ. ಇದು ಅದರ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ, ಸ್ಲೈಡ್‌ಗಳನ್ನು ಬಿಟ್ಟಿದ್ದೇನೆ.)



ಹೋದ ತಿಂಗಳು ಇಲ್ಲಿ ನಿಂತವರು ಮ್ಯೂಚುವಲ್ ಫಂಡ್ ಬಗ್ಗೆ ಮಾತಾಡಿದ್ರು, ಅದಕ್ಕೆ ಮುಂಚೆ ಒಬ್ಬರು ಸಹ್ಯಾದ್ರಿ ಟ್ರೆಕ್ ಬಗ್ಗೆ. ನಾನು ತಂದಿರೋದು ಸ್ವಲ್ಪ ಭಾರದ ವಿಷಯ. ಮಕ್ಕಳ ಲಿವರ್‌ನಲ್ಲಿ ಬರುವ ಗಡ್ಡೆ. ಶಾಲೆ ಪುಸ್ತಕದಲ್ಲಿ ಪಿತ್ತಜನಕಾಂಗ ಅಂತ ಓದಿದ್ವಲ್ಲ, ಅದೇ. ನಾನು ಡಾಕ್ಟರ್ ಅಲ್ಲ. ನನ್ನ ಎಂಟೆಕ್ ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್‌ನಲ್ಲಿ, ಪುಣೆಯಲ್ಲಿ ಹನ್ನೊಂದು ವರ್ಷದಿಂದ ಬ್ಯಾಕೆಂಡ್ ಕೋಡ್ ಬರೀತಿದ್ದೀನಿ. ಈ ವಿಷಯ ನಾನು ಆರಿಸಿಕೊಂಡದ್ದಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅದೇ ನಮ್ಮ ಮನೆಗೆ ಬಂತು.

ನಮ್ಮ ಅತ್ತೆ, ಅಂದರೆ ಹೆಂಡತಿಯ ಅಮ್ಮ, ಹಾಸನದಿಂದ ಬಂದಿದ್ರು. ಮಗಳಿಗೆ ಆಗ ಹತ್ತೊಂಬತ್ತು ತಿಂಗಳು. ಒಂದು ಭಾನುವಾರ ಎಣ್ಣೆ ಹಚ್ಚಿ ನೀರು ಹಾಕುವಾಗ ಬಾತ್‌ರೂಮಿನಿಂದ ಕೂಗಿದ್ರು: "ಇಲ್ಲಿ ಬಾರಮ್ಮ, ಮಗು ಹೊಟ್ಟೆ ಮುಟ್ಟಿ ನೋಡು." ಬಲಗಡೆ, ಪಕ್ಕೆಲುಬಿನ ಕೆಳಗೆ, ಗಟ್ಟಿಯಾಗಿ ಏನೋ ಇತ್ತು. ಮೂರು ವಾರದ ಹಿಂದೆ ಇದೇ ಹೊಟ್ಟೆ ಉಬ್ಬರ ಅಂತ ಒಂದು ಕ್ಲಿನಿಕ್‌ಗೆ ಕರ್ಕೊಂಡು ಹೋಗಿದ್ವಿ. ಗ್ಯಾಸ್ ಅಂತ ಹೇಳಿ ಡ್ರಾಪ್ಸ್ ಕೊಟ್ಟಿದ್ರು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಹನ್ನೊಂದು ಲಕ್ಷ ಬಂದಿತ್ತು. ಎಲ್ಲೋ ಇನ್ಫೆಕ್ಷನ್ ಇರಬೇಕು ಅಂದ್ರು. ಡೆಂಗ್ಯೂ ಕಾಲದಲ್ಲಿ ಪ್ಲೇಟ್‌ಲೆಟ್ ಕಮ್ಮಿ ಆದರೆ ಹೆದರೋದು ನಮಗೆ ಗೊತ್ತು, ಜಾಸ್ತಿ ಆದರೆ ಯಾರು ಹೆದರ್ತಾರೆ? ಪ್ಲೇಟ್‌ಲೆಟ್ ಬೆಳೆಸುವ ಹಾರ್ಮೋನನ್ನು ಈ ಗಡ್ಡೆ ತಾನೇ ಉತ್ಪತ್ತಿ ಮಾಡುತ್ತೆ ಅನ್ನೋದು ಆಮೇಲೆ ಗೊತ್ತಾಯ್ತು. ಹೊಟ್ಟೆ ದೊಡ್ಡದಾಗಿ, ರಕ್ತಹೀನತೆ ಇದ್ದು, ಪ್ಲೇಟ್‌ಲೆಟ್ ಏರಿದ್ದರೆ ಒಂದು ಅಲ್ಟ್ರಾಸೌಂಡ್ ಮಾಡಿಸಿ ಅಂತ ಕೇಳೋಕೆ ನಾವು ಯಾರೂ ಡಾಕ್ಟರ್ ಆಗಿರಬೇಕಿಲ್ಲ.

ಅಲ್ಟ್ರಾಸೌಂಡ್, ಸಿಟಿ, ಬಯಾಪ್ಸಿ. ಹೆಸರು: ಹೆಪಟೊಬ್ಲಾಸ್ಟೊಮ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ, ಯಾಕಂದ್ರೆ ಈ ವಿಡಿಯೊ ನೋಡಿ ಯಾರೋ ರಾತ್ರಿ ಎರಡಕ್ಕೆ ಮಗುವಿನ ಹೊಟ್ಟೆ ಒತ್ತಬಾರದು. ಇದು ತೀರಾ ಅಪರೂಪದ ಕಾಯಿಲೆ. ಮಕ್ಕಳ ಕ್ಯಾನ್ಸರ್‌ಗಳೇ ಅಪರೂಪ, ಅದರಲ್ಲಿ ನೂರಕ್ಕೆ ಒಂದರಷ್ಟು ಇದು. ಮಗುವಿನ ಲಿವರ್‌ನಲ್ಲಿ ಸಿಗುವ ಗಡ್ಡೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಕ್ಯಾನ್ಸರೇ ಅಲ್ಲ. ಹೆಮಾಂಜಿಯೋಮ ಅಂತ ರಕ್ತನಾಳದ ಗಂಟುಗಳಿವೆ, ಎಷ್ಟೋ ಸಲ ತಾವೇ ಕುಗ್ಗಿ ಹೋಗ್ತವೆ. ಕ್ಯಾನ್ಸರ್ ಆದವುಗಳಲ್ಲಿ ಪುಟ್ಟ ಮಕ್ಕಳಿಗೆ ಬರೋದು ಹೆಚ್ಚಾಗಿ ಹೆಪಟೊಬ್ಲಾಸ್ಟೊಮ. ಬಹುತೇಕ ಐದು ವರ್ಷದೊಳಗೆ, ಅದರಲ್ಲೂ ಮೊದಲ ಎರಡು ಮೂರು ವರ್ಷದಲ್ಲಿ. ಹತ್ತು ದಾಟಿದ ಮಕ್ಕಳಿಗೆ ಬರೋದು ಬೇರೆ ಜಾತಿ, ಅದಕ್ಕೆ ಆಮೇಲೆ ಬರ್ತೀನಿ.

ಸುದ್ದಿ ಊರಿಗೆ ಮುಟ್ಟಿದ ದಿನದಿಂದ ಫೋನ್ ಶುರುವಾಯ್ತು. ದಾವಣಗೆರೆಯಿಂದ ನಮ್ಮ ದೊಡ್ಡಮ್ಮ ಕೇಳಿದ ಮೊದಲ ಪ್ರಶ್ನೆ, "ಬಸುರಿ ಇದ್ದಾಗ ಅವಳು ಏನೇನು ತಿಂದಿದ್ಲಪ್ಪ?" ಆಮೇಲೆ ಒಂದೊಂದೇ ಬಂತು. ಪರಂಗಿಹಣ್ಣು. ಸ್ವಿಗ್ಗಿ. ಹೊಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ ಮಾಡಿದ್ದು. ಎಲ್ಲಕ್ಕಿಂತ ದೊಡ್ಡದು ಗ್ರಹಣ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಿಮಗೆ ನೆನಪಿರಬಹುದು, ಅವತ್ತು ಗುರುವಾರ. ನನ್ನ ಹೆಂಡತಿಗೆ ರಿಲೀಸ್ ಇತ್ತು, ಆಫೀಸಿಗೆ ಹೋದಳು. ಆರು ವಾರ ಆದ ಮೇಲೆ, ಫೆಬ್ರವರಿ 6ಕ್ಕೆ, ಬಿಪಿ ಏರಿ ಸಿಸೇರಿಯನ್ ಆಯ್ತು. ಇಪ್ಪತ್ತೊಂಬತ್ತು ವಾರದ ಮಗು, 1,180 ಗ್ರಾಂ. 44 ದಿನ ಎನ್‌ಐಸಿಯುನಲ್ಲಿದ್ದು, ಜನತಾ ಕರ್ಫ್ಯೂ ಹಿಂದಿನ ದಿನ ಮನೆಗೆ ಬಂದ್ವಿ. ಗ್ರಹಣಕ್ಕೂ ಹೆರಿಗೆಗೂ ಗಂಟು ಹಾಕಿದವರಿಗೆ ಈಗ ಗಡ್ಡೆಯನ್ನೂ ಅದೇ ದಾರಕ್ಕೆ ಪೋಣಿಸೋದು ಕಷ್ಟ ಆಗಲಿಲ್ಲ.

ನಾನು ಏನು ಮಾಡಿದೆ? ಪ್ರೊಡಕ್ಷನ್ ಬಿದ್ದರೆ ನಾವೇನು ಮಾಡ್ತೀವೋ ಅದನ್ನೇ ಮಾಡಿದೆ. ಆರ್‌ಸಿಎ. ಕಾರಣ ಹುಡುಕು. ಕೋವಿಡ್ ನಿಯಮದಿಂದ ವಾರ್ಡಿಗೆ ಒಬ್ಬರನ್ನೇ ಬಿಡ್ತಿದ್ರು, ಅದು ಅಮ್ಮ. ನಾನು ಕೆಳಗೆ ಕುರ್ಚಿ ಮೇಲೆ ಕೂತು ಫೋನಿನಲ್ಲಿ ಪೇಪರ್ ಓದ್ತಿದ್ದೆ. ಮೊದಲ ವಾರ ಏನೂ ಅರ್ಥ ಆಗಲಿಲ್ಲ. ಎರಡನೇ ವಾರ ಸ್ವಲ್ಪ ಆಯ್ತು.

ಅರ್ಥ ಆದದ್ದನ್ನು ಹೇಳ್ತೀನಿ. ಭ್ರೂಣಕ್ಕೆ ನಾಲ್ಕನೇ ವಾರ ಆಗುವಾಗ ಅದರ ಕರುಳಿನ ನಾಳದಿಂದ ಒಂದು ಸಣ್ಣ ಮೊಗ್ಗು ಹೊರಡುತ್ತೆ. ಲಿವರ್ ಶುರುವಾಗೋದು ಅಲ್ಲಿ. ಅದರಲ್ಲಿರೋ ಜೀವಕೋಶಗಳ ಹೆಸರು ಹೆಪಟೊಬ್ಲಾಸ್ಟ್. ಇವಕ್ಕೆ ಇನ್ನೂ ಕೆಲಸ ಗೊತ್ತಿಲ್ಲ, ಬೆಳೆಯೋದು ಮಾತ್ರ ಗೊತ್ತು. ಒಂದೇ ಸಮನೆ ಇಬ್ಭಾಗ ಆಗ್ತಾ ಹೋಗ್ತವೆ. ನಿಧಾನಕ್ಕೆ ಕೆಲವು ಲಿವರ್‌ನ ಕೆಲಸಗಾರ ಕೋಶಗಳಾಗ್ತವೆ, ಕೆಲವು ಪಿತ್ತನಾಳದ ಗೋಡೆಯಾಗ್ತವೆ. ಹಾಗೆ ಬಲಿತ ಮೇಲೆ ಬೆಳೆಯುವ ಆತುರ ನಿಲ್ಲಬೇಕು. ಬಹುಪಾಲು ಎಲ್ಲ ಕೋಶಗಳಲ್ಲೂ ನಿಲ್ಲುತ್ತೆ. ಎಲ್ಲೋ ಒಂದರಲ್ಲಿ ನಿಲ್ಲೋದಿಲ್ಲ, ಅದು ಬಲಿಯೋದೂ ಇಲ್ಲ. ಮಗು ಹುಟ್ಟುತ್ತೆ, ತೆವಳುತ್ತೆ, ನಡೆಯುತ್ತೆ. ಆ ಒಂದು ಕೋಶದ ಸಂತಾನ ಮಾತ್ರ ಇನ್ನೂ ತಾನು ಗರ್ಭದೊಳಗಿದ್ದೀನಿ ಅಂತಲೇ ನಡ್ಕೊಳ್ಳುತ್ತೆ.

ಹೋಲಿಕೆಗೆ ಚೆನ್ನಾಗಿದೆ ಅಂತ ಹೇಳ್ತಿಲ್ಲ, ಸೂಕ್ಷ್ಮದರ್ಶಕದಲ್ಲಿ ಕಾಣೋದೇ ಹಾಗೆ. ನಮ್ಮ ಬಯಾಪ್ಸಿ ರಿಪೋರ್ಟಿನಲ್ಲಿ "ಫೀಟಲ್" ಮತ್ತು "ಎಂಬ್ರಿಯೋನಲ್" ಅನ್ನೋ ಎರಡು ಪದಗಳಿದ್ದವು. ನನಗೆ ಪೆಥಾಲಜಿಸ್ಟ್ ಬಿಡಿಸಿ ಹೇಳಿದ್ರು: ಗಡ್ಡೆಯ ಒಂದು ಭಾಗ ತುಂಬು ಬಸುರಿನ ಹೊತ್ತಿನ ಭ್ರೂಣದ ಲಿವರ್ ಥರ ಇದೆ, ಇನ್ನೊಂದು ಭಾಗ ಅದಕ್ಕಿಂತ ಎಳೇ ಹಂತದ್ದು. ಗರ್ಭದಲ್ಲಿ ಮಗುವಿನ ರಕ್ತ ತಯಾರಾಗೋದು ಮೂಳೆಮಜ್ಜೆಯಲ್ಲಲ್ಲ, ತಿಂಗಳುಗಟ್ಟಲೆ ಲಿವರ್‌ನಲ್ಲೇ. ಈ ಗಡ್ಡೆಗಳೊಳಗೂ ರಕ್ತಕೋಶ ತಯಾರಾಗುವ ಸಣ್ಣ ಸಣ್ಣ ಗುಂಪುಗಳು ಕಾಣ್ತವೆ. ಒಂದೂವರೆ ವರ್ಷದ ಮಗುವಿನೊಳಗೆ, ನಿಂತುಹೋಗಬೇಕಿದ್ದ ಕಾರ್ಖಾನೆ.

ಎಎಫ್‌ಪಿ ಅಂದರೆ ಆಲ್ಫಾ-ಫೀಟೊಪ್ರೊಟೀನ್ ಅನ್ನೋ ರಕ್ತಪರೀಕ್ಷೆಯ ಮರ್ಮವೂ ಇದೇ. ಅದು ಭ್ರೂಣದ ಲಿವರ್ ತಯಾರಿಸುವ ಪ್ರೊಟೀನ್. ಹುಟ್ಟಿದಾಗ ಎಲ್ಲ ಮಕ್ಕಳಲ್ಲೂ ಹತ್ತಾರು ಸಾವಿರ ಇರುತ್ತೆ, ಅವಧಿಗೆ ಮುಂಚೆ ಹುಟ್ಟಿದವರಲ್ಲಿ ಇನ್ನೂ ಹೆಚ್ಚು. ವರ್ಷ ತುಂಬುವಷ್ಟರಲ್ಲಿ ದೊಡ್ಡವರ ಮಟ್ಟಕ್ಕೆ, ಹತ್ತರ ಆಸುಪಾಸಿಗೆ, ಇಳಿದಿರಬೇಕು. ಅದಕ್ಕೇ ಎಳೇ ಕೂಸಿನ ಎಎಫ್‌ಪಿ ನೋಡಿ ಗೂಗಲ್ ಮಾಡಬೇಡಿ, ವಯಸ್ಸಿನ ಪಟ್ಟಿ ಇಟ್ಕೊಂಡು ನೋಡಬೇಕು. ನಮ್ಮವಳದ್ದು ಹತ್ತೊಂಬತ್ತನೇ ತಿಂಗಳಲ್ಲಿ 3,40,000.

ಈಗ ನಿಲ್ಲಬೇಕಾದ್ದು ಯಾಕೆ ನಿಲ್ಲಲಿಲ್ಲ?

ಬೀಟಾ-ಕ್ಯಾಟೆನಿನ್ ಅಂತ ಒಂದು ಪ್ರೊಟೀನ್ ಇದೆ. ಜೀವಕೋಶ ಇದನ್ನು ಸದಾ ತಯಾರಿಸ್ತಾನೇ ಇರುತ್ತೆ, ಜೊತೆಗೇ ಸದಾ ಒಡೆದು ಹಾಕ್ತಾನೂ ಇರುತ್ತೆ. ಓದಿದಾಗ ಇದೇನು ದಂಡದ ಕೆಲಸ ಅನ್ನಿಸ್ತು. ಆದರೆ ಲೇಟೆನ್ಸಿ ಬಗ್ಗೆ ಯೋಚನೆ ಮಾಡೋ ನಮಗೆ ಅರ್ಥ ಆಗಬೇಕು. ಬೆಳೆಯೋಕೆ ಸಂಕೇತ ಬಂದಾಗ ಹೊಸದಾಗಿ ತಯಾರಿಸ್ತಾ ಕೂರೋದಕ್ಕಿಂತ, ಅಳಿಸೋದನ್ನು ನಿಲ್ಲಿಸಿದರೆ ಸಾಕು, ಮಟ್ಟ ತಕ್ಷಣ ಏರುತ್ತೆ. ಆ ಸಂಕೇತದ ಹೆಸರು ಡಬ್ಲ್ಯುಎನ್‌ಟಿ, "ವಿಂಟ್" ಅಂತ ಓದ್ತಾರೆ. ಸಂಕೇತ ಇಲ್ಲದಾಗ ಎಪಿಸಿ, ಆಕ್ಸಿನ್ ಮತ್ತೆ ಒಂದಿಷ್ಟು ಕಿಣ್ವ ಸೇರಿದ ಒಂದು ಗುಂಪು ಪ್ರತಿಯೊಂದು ಬೀಟಾ-ಕ್ಯಾಟೆನಿನ್ ಅಣುವನ್ನೂ ಹಿಡಿದು, ಅದರ ಒಂದು ತುದಿಯಲ್ಲಿ ನಾಲ್ಕು ಕಡೆ ಗುರುತು ಹಾಕುತ್ತೆ. ಗುರುತು ಬಿದ್ದದ್ದು ಕೋಶದ ಕಸದ ಯಂತ್ರಕ್ಕೆ ಹೋಗುತ್ತೆ. ಸಂಕೇತ ಬಂದಾಗ ಗುರುತು ಹಾಕೋದು ನಿಲ್ಲುತ್ತೆ, ಪ್ರೊಟೀನ್ ಉಳಿಯುತ್ತೆ, ಕೇಂದ್ರಕ್ಕೆ ಹೋಗಿ ಬೆಳೆಯುವ ಜೀನ್‌ಗಳನ್ನು ಎಬ್ಬಿಸುತ್ತೆ.

ಹೆಪಟೊಬ್ಲಾಸ್ಟೊಮದಲ್ಲಿ ಹಾಳಾಗಿರೋದು ಬಹುತೇಕ ಈ ಗುರುತು ಹಾಕುವ ಜಾಗ. ಸಿಟಿಎನ್‌ಎನ್‌ಬಿ1 ಅನ್ನೋ ಜೀನ್‌ನ ಮೂರನೇ ಎಕ್ಸಾನ್. ಒಂದಕ್ಷರ ತಪ್ಪಿರುತ್ತೆ, ಇಲ್ಲವೇ ಒಂದು ತುಂಡೇ ಹೋಗಿರುತ್ತೆ. ಮುಕ್ಕಾಲು ಪಾಲು ಗಡ್ಡೆಗಳಲ್ಲಿ ಇದು ಸಿಗುತ್ತೆ. ಅಳಿಸುವ ಯಂತ್ರ ಸರಿಯಾಗೇ ಇದೆ, ತಯಾರಿಸುವ ಯಂತ್ರವೂ ಸರಿಯಾಗೇ ಇದೆ, ಅಳಿಸಬೇಕಾದ್ದರ ಮೇಲೆ ಗುರುತು ಹತ್ತೋದಿಲ್ಲ, ಅಷ್ಟೇ. ಹಾಗಾಗಿ ಸಂಕೇತ ಬರಲಿ ಬಿಡಲಿ, ಕೋಶ ಬೆಳೀತಾನೇ ಇರುತ್ತೆ.

ನನಗೆ ಇನ್ನೂ ಆಶ್ಚರ್ಯ ಆದದ್ದು ಬೇರೆ. ಅಷ್ಟು ವರ್ಷ ಸಿಗರೇಟು ಸೇದಿದವರ ಶ್ವಾಸಕೋಶದ ಗಡ್ಡೆಯಲ್ಲಿ ಜೀನ್‌ಗಳೊಳಗೆ ನೂರಾರು ತಪ್ಪುಗಳಿರ್ತವೆ, ದಶಕಗಳ ಏಟು ಕೂಡಿ ಕೂಡಿ ಆದದ್ದು. ಹೆಪಟೊಬ್ಲಾಸ್ಟೊಮದಲ್ಲಿ ಬೆರಳೆಣಿಕೆ. 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಸರಾಸರಿ ಮೂರರಷ್ಟು. ಗೊತ್ತಿರುವ ಕ್ಯಾನ್ಸರ್‌ಗಳಲ್ಲೇ ಇಷ್ಟು ಕಡಿಮೆ ತಪ್ಪಿರೋದು ಕೆಲವೇ ಕೆಲವು. ವರ್ಷಗಟ್ಟಲೆ ಕೂಡಿದ ಏಟಿನ ಗುರುತು ಇಲ್ಲಿ ಇಲ್ಲ. ಕೋಟಿಗಟ್ಟಲೆ ಸಲ ಡಿಎನ್‌ಎ ನಕಲಾಗುವಾಗ, ತಪ್ಪಬಾರದ ಹೊತ್ತಲ್ಲಿ ತಪ್ಪಬಾರದ ಜಾಗದಲ್ಲಿ ಬಿದ್ದ ಒಂದೆರಡು ತಪ್ಪು.

ಇದನ್ನು ಓದಿದ ರಾತ್ರಿ ನಾನು ನಿದ್ದೆ ಮಾಡಿದೆ. ಪರಂಗಿಹಣ್ಣೂ ಇಲ್ಲ, ಲ್ಯಾಪ್‌ಟಾಪೂ ಇಲ್ಲ, ಗ್ರಹಣ ಅಂತೂ ಇಲ್ಲವೇ ಇಲ್ಲ. ಅಲ್ಲಿಗೆ ಬಿಟ್ಟಿದ್ದರೆ ಈ ಮಾತು ಇಲ್ಲಿಗೆ ಮುಗೀತಿತ್ತು.

ಆದರೆ ನಾವು ಆರ್‌ಸಿಎನಲ್ಲಿ ಕೇಳ್ತೀವಲ್ಲ, ಆ ತಪ್ಪು ಆಗುವ ಸಾಧ್ಯತೆ ಹೆಚ್ಚಿಸಿದ್ದು ಏನಾದ್ರೂ ಇದೆಯಾ ಅಂತ. ಇದೆ, ಕೆಲವು. ಬೆಕ್‌ವಿತ್-ವೀಡೆಮನ್ ಅಂತ ಒಂದು ಸಿಂಡ್ರೋಮ್: ಹನ್ನೊಂದನೇ ಕ್ರೋಮೋಸೋಮಿನಲ್ಲಿ ಬೆಳವಣಿಗೆಯ ಜೀನ್‌ಗಳ ಹತೋಟಿ ತಪ್ಪಿರುತ್ತೆ, ಮಗು ದೊಡ್ಡದಾಗಿ ಹುಟ್ಟುತ್ತೆ, ನಾಲಿಗೆ ದೊಡ್ಡದು, ಕೆಲವರಿಗೆ ದೇಹದ ಒಂದು ಪಕ್ಕ ಇನ್ನೊಂದಕ್ಕಿಂತ ದೊಡ್ಡದು. ಅಂಥ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡೋ ಪದ್ಧತಿ ಇದೆ. ಇನ್ನೊಂದು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ದೊಡ್ಡ ಕರುಳಿನ ತುಂಬ ಪಾಲಿಪ್ ಬರೋ ಕಾಯಿಲೆ. ಅದರಲ್ಲಿ ಹಾಳಾಗೋದು ಎಪಿಸಿ ಜೀನ್, ಈಗ ಹೇಳಿದ ಗುರುತು ಹಾಕೋ ಗುಂಪಿನದ್ದೇ ಸದಸ್ಯ. ಯಂತ್ರ ಕೆಟ್ಟರೂ ಪರಿಣಾಮ ಅದೇ ಆಗುತ್ತಲ್ಲ. ಡಾಕ್ಟರ್ ನಮ್ಮನ್ನು "ಮನೆಯಲ್ಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್?" ಅಂತ ಕೇಳಿದ್ದು ಅದಕ್ಕೆ. ಇವೆರಡೂ ನಮ್ಮದಲ್ಲ.

ಮೂರನೆಯದು ನಮ್ಮದು. ಕಡಿಮೆ ತೂಕದಲ್ಲಿ ಹುಟ್ಟೋದು. 1990ರ ದಶಕದಲ್ಲಿ ಜಪಾನಿನ ವೈದ್ಯರು ಗಮನಿಸಿದ್ರು: ಹೆಪಟೊಬ್ಲಾಸ್ಟೊಮ ಬಂದ ಮಕ್ಕಳಲ್ಲಿ ತೀರಾ ಸಣ್ಣದಾಗಿ ಹುಟ್ಟಿದವರು ಯಾಕೋ ಜಾಸ್ತಿ ಇದ್ದಾರೆ. ಆಮೇಲೆ ಬೇರೆ ದೇಶಗಳಲ್ಲೂ ಅದೇ ಕಂಡಿತು. ಒಂದೂವರೆ ಕಿಲೋಗಿಂತ ಕಡಿಮೆ ಇದ್ದವರಲ್ಲಿ ಅಪಾಯ ಹತ್ತಾರು ಪಟ್ಟು. ಹೊಟ್ಟೆಯೊಳಗೆ ಬಲೀಬೇಕಿದ್ದ ಲಿವರ್ ಹೊರಗಿನ ಆಮ್ಲಜನಕ, ಔಷಧಿ, ಡ್ರಿಪ್ ನಡುವೆ ಬಲಿತದ್ದು ಕಾರಣ ಇರಬಹುದು ಅನ್ನೋ ಊಹೆಗಳಿವೆ, ಖಚಿತ ಉತ್ತರ ಯಾರೂ ಕೊಟ್ಟಿಲ್ಲ. ಹಾಗಂತ ಎನ್‌ಐಸಿಯು ಬೇಡ ಅನ್ನೋ ಹಾಗಿಲ್ಲ, ಅದು ಇಲ್ಲದಿದ್ದರೆ ಮಗುವೇ ಇರ್ತಿರಲಿಲ್ಲ. ಹತ್ತಾರು ಪಟ್ಟು ಅಂದರೂ ಮೂಲ ಅಂಕಿ ಎಷ್ಟು ಸಣ್ಣದು ಅಂದರೆ, ಹಾಗೆ ಹುಟ್ಟಿದ ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಬಂದೀತು. ಇಲ್ಲಿ ಯಾರಾದರೂ ಸಣ್ಣ ಮಗುವಿನ ಅಪ್ಪ ಅಮ್ಮ ಇದ್ದರೆ ಆ ಕೊನೆಯ ವಾಕ್ಯವನ್ನು ದಯವಿಟ್ಟು ಇನ್ನೊಂದು ಸಲ ಕೇಳಿ.

ಈ ಪೇಪರನ್ನು ನಾನು ಹೆಂಡತಿಗೆ ತೋರಿಸಲಿಲ್ಲ. ನನ್ನ ಮೈ ಅವಳನ್ನು ಒಂಬತ್ತು ತಿಂಗಳು ಇಟ್ಟುಕೊಳ್ಳಲಿಲ್ಲ ಅಂತ ಅವಳು ಮೊದಲೇ ಅಳ್ತಿದ್ದಳು. ಇದನ್ನು ಕೊಟ್ಟರೆ ಏನಾಗುತ್ತೆ?

ಅದಾಗಿ ಎರಡು ದಿನಕ್ಕೆ ಇನ್ನೊಂದು ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಅಂತ ಇದೆ, ಯಾವುದರಿಂದ ಕ್ಯಾನ್ಸರ್ ಬರುತ್ತೆ ಅಂತ ಸಾಕ್ಷ್ಯ ತೂಗಿ ಪಟ್ಟಿ ಮಾಡೋರು. ತುಂಬಾ ಬಿಗಿ ಜನ, ಸುಲಭಕ್ಕೆ "ಸಾಕಷ್ಟು ಸಾಕ್ಷ್ಯ" ಅಂತ ಬರೆಯಲ್ಲ. 2012ರಲ್ಲಿ ಅಚ್ಚಾದ ಅವರ ತಂಬಾಕಿನ ಸಂಪುಟದಲ್ಲಿ ಬರೆದಿದ್ದಾರೆ: ತಂದೆತಾಯಿಯ ಧೂಮಪಾನದಿಂದ ಮಕ್ಕಳಲ್ಲಿ ಹೆಪಟೊಬ್ಲಾಸ್ಟೊಮ ಬರುತ್ತೆ ಅನ್ನೋದಕ್ಕೆ ಸಾಕಷ್ಟು ಸಾಕ್ಷ್ಯ ಇದೆ. ಇಬ್ಬರೂ ಸೇದುವವರಾದರೆ ಅಪಾಯ ಹೆಚ್ಚು.

ನನ್ನ ಹೆಂಡತಿ ಜೀವಮಾನದಲ್ಲಿ ಸಿಗರೇಟು ಮುಟ್ಟಿದವಳಲ್ಲ. ನಾನು ಆಗ ದಿನಕ್ಕೆ ಆರೇಳು ಸೇದ್ತಿದ್ದೆ. ಹಿಂಜೇವಾಡಿಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಗೇಟಿನಾಚೆ ಟಪರಿ, ಕಟಿಂಗ್ ಚಾಯ್, ಒಂದು ಸಿಗರೇಟು, ಅರ್ಧ ಡಿಸೈನ್ ಡಿಸ್ಕಷನ್ ಅಲ್ಲೇ ಮುಗೀತಿತ್ತು. ಬಸುರಿ ಅಂತ ಗೊತ್ತಾದ ಮೇಲೆ ಮನೆಯೊಳಗೆ ಬಿಟ್ಟೆ, ಬಾಲ್ಕನಿಗೆ ಹೋದೆ. ಬಾಗಿಲು ಹಾಕ್ಕೊಳ್ತಿದ್ದೆ, ಅದಕ್ಕೆ ನನ್ನನ್ನು ನಾನೇ ಒಳ್ಳೆಯವನು ಅಂದುಕೊಂಡಿದ್ದೆ.

ನೋಡಿ, ಎರಡು ಕುಟುಂಬದ ಜನ, ಅಕ್ಕಪಕ್ಕದವರು, ಆಫೀಸಿನವರು, ಎಲ್ಲರೂ ಕಾರಣ ಹುಡುಕಿದ್ರು. ಎಲ್ಲರೂ ಹುಡುಕಿದ್ದು ಅವಳ ತಟ್ಟೆಯಲ್ಲಿ. ಒಬ್ಬರಾದರೂ "ನೀನು ಸೇದ್ತಿದ್ಯಾ?" ಅಂತ ನನ್ನನ್ನು ಕೇಳಲಿಲ್ಲ. ನನ್ನ ತುಟಿ ನೋಡಿದರೆ ಗೊತ್ತಾಗ್ತಿತ್ತು.

ಆ ಪುಟವನ್ನೂ ನಾನು ತೋರಿಸಲಿಲ್ಲ. ಮೊದಲನೇದನ್ನು ಮುಚ್ಚಿಟ್ಟದ್ದು ಅವಳಿಗೋಸ್ಕರ. ಎರಡನೇದನ್ನು ಮುಚ್ಚಿಟ್ಟದ್ದು ನನಗೋಸ್ಕರ.

ಮೂರನೇ ಕೀಮೊ ಆದ ಮೇಲೆ ಅತ್ತೆ ಒಂದು ತಾಸು ವಾರ್ಡಿನಲ್ಲಿ ಕೂತರು, ನಾವಿಬ್ಬರೂ ಕೆಳಗೆ ಗಾಡಿಯ ಹತ್ತಿರ ಪೋಹೆ ತಿನ್ನೋಕೆ ಬಂದ್ವಿ. ಅಲ್ಲಿ ಹೇಳಿದೆ, ಎರಡನ್ನೂ. ಅವಳು ಪೂರ್ತಿ ಕೇಳಿಸಿಕೊಂಡಳು. ತೂಕದ ವಿಷಯಕ್ಕೆ ಅಳಲಿಲ್ಲ, "ಅದು ನನಗೆ ಗೊತ್ತು, ನಾನೂ ಓದಿದ್ದೀನಿ, ನಿನಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ" ಅಂದಳು. ಸಿಗರೇಟಿನ ವಿಷಯಕ್ಕೂ ಬೈಯಲಿಲ್ಲ. ತುಂಬ ಹೊತ್ತಾದ ಮೇಲೆ ಒಂದು ಮಾತು ಕೇಳಿದಳು. "ನಿಮ್ಮ ದೊಡ್ಡಮ್ಮ ಸ್ಪೀಕರ್‌ನಲ್ಲಿ ಗ್ರಹಣ ಗ್ರಹಣ ಅನ್ನುವಾಗ ನೀನು ಪಕ್ಕದಲ್ಲೇ ಇದ್ದೆ. ಯಾಕೆ ಸುಮ್ಮನಿದ್ದೆ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ಸಂಜೆ ದೊಡ್ಡಮ್ಮಂಗೆ ಫೋನ್ ಮಾಡಿದೆ. "ದೊಡ್ಡಮ್ಮ, ಇನ್ನು ಮೇಲೆ ಯಾರಾದ್ರೂ ಕೇಳಿದ್ರೆ, ಅವಳು ತಿಂದಿದ್ದರಿಂದ ಅಲ್ಲ, ನಮ್ಮ ಹುಡುಗ ಸಿಗರೇಟು ಸೇದ್ತಿದ್ದ ಅಂತ ಹೇಳಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಗಂಡಸರು ಸೇದಿದ್ರೆ ಮಗೂಗೆ ಹೆಂಗಪ್ಪ ಬರ್ತತಿ?" ಅಂದ್ರು.

ನಮ್ಮ ಆಂಕಾಲಜಿಸ್ಟ್ ಹತ್ತಿರವೂ ಕೇಳಿದೆ. ಅವರು ಒಳ್ಳೆ ಮಾತು ಹೇಳಿದ್ರು. ಸಾವಿರಾರು ಮಕ್ಕಳ ಲೆಕ್ಕದಲ್ಲಿ ಯಾವುದು ಅಪಾಯ ಹೆಚ್ಚಿಸುತ್ತೆ ಅಂತ ಹೇಳಬಹುದು, ಈ ಒಂದು ಮಗುವಿಗೆ ಯಾವುದರಿಂದ ಬಂತು ಅಂತ ಹೇಳೋಕೆ ಆಗಲ್ಲ, ಸೇದುವವರ ಮಕ್ಕಳಲ್ಲೂ ಇದು ಬಹಳ ಬಹಳ ಅಪರೂಪ, ಅಂದ್ರು. ಆಮೇಲೆ ನನ್ನ ಜೇಬು ನೋಡಿ, "ಈಗ ಬಿಟ್ಟಿದ್ದೀರಾ?" ಅಂದ್ರು. ಬಿಟ್ಟಿದ್ದೆ. ನಾಲ್ಕನೇ ದಿನ.

ದೊಡ್ಡ ಮಕ್ಕಳ ವಿಷಯ ಹೇಳ್ತೀನಿ ಅಂದಿದ್ದೆ. ಹತ್ತು ದಾಟಿದವರಲ್ಲಿ ಹೆಚ್ಚಾಗಿ ಕಾಣೋದು ಹೆಪಟೊಸೆಲ್ಯುಲರ್ ಕಾರ್ಸಿನೋಮ, ದೊಡ್ಡವರಿಗೂ ಬರೋ ಲಿವರ್ ಕ್ಯಾನ್ಸರ್. ಇದಕ್ಕೆ ಏಷ್ಯಾದಲ್ಲಿ ದೊಡ್ಡ ಕಾರಣ ಹೆಪಟೈಟಿಸ್ ಬಿ. ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟಿದರೆ ಹತ್ತರಲ್ಲಿ ಒಂಬತ್ತು ಕೂಸುಗಳಲ್ಲಿ ವೈರಸ್ ಮನೆ ಮಾಡುತ್ತೆ, ತನ್ನ ಡಿಎನ್‌ಎಯನ್ನು ಲಿವರ್ ಕೋಶದ ಡಿಎನ್‌ಎಗೆ ಸೇರಿಸಿಬಿಡುತ್ತೆ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಶುರು ಮಾಡಿತು, ಮೊದಲು ಸೋಂಕಿರುವ ತಾಯಂದಿರ ಮಕ್ಕಳಿಗೆ, ಆಮೇಲೆ ಎಲ್ಲರಿಗೂ. 1997ರಲ್ಲಿ ಲೆಕ್ಕ ಪ್ರಕಟ ಆಯ್ತು: ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಈ ಕ್ಯಾನ್ಸರ್ ಲಕ್ಷಕ್ಕೆ 0.70 ಇದ್ದದ್ದು 0.36ಕ್ಕೆ ಇಳಿದಿತ್ತು. ಒಂದು ಕ್ಯಾನ್ಸರನ್ನು ಲಸಿಕೆಯಿಂದ ತಡೆಯಬಹುದು ಅಂತ ಒಂದಿಡೀ ದೇಶ ತೋರಿಸಿದ್ದು ಅದೇ ಮೊದಲು. ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲೂ ಹುಟ್ಟಿದ 24 ಗಂಟೆಯೊಳಗೆ ಹಾಕುವ ಹೆಪಟೈಟಿಸ್ ಬಿ ಡೋಸ್ ಇದೆ. ನಾವು ಊರು ಬಿಟ್ಟು ಊರು ಅಲೆಯೋ ಜನ, ಹೆರಿಗೆ ತವರಲ್ಲಿ, ಲಸಿಕೆ ಪುಸ್ತಕ ಇನ್ನೊಂದೂರಲ್ಲಿ. ಆ ಮೊದಲ ಡೋಸಿನ ತಾರೀಕು ಇವತ್ತು ಮನೆಗೆ ಹೋಗಿ ನೋಡಿ.

ಅಪರೂಪಕ್ಕೆ ಹುಟ್ಟಿನ ರಾಸಾಯನಿಕ ದೋಷದಿಂದಲೂ ಬರುತ್ತೆ. ಟೈರೊಸಿನೀಮಿಯ ಅಂತ ಒಂದಿದೆ, ಆಹಾರದ ಒಂದು ಅಮೈನೊ ಆಮ್ಲವನ್ನು ಕೊನೆಯ ಹಂತದಲ್ಲಿ ಒಡೆಯುವ ಕಿಣ್ವ ಇರಲ್ಲ, ವಿಷ ಲಿವರ್‌ನಲ್ಲೇ ಕೂಡುತ್ತೆ. ಅದಕ್ಕೆ ನಿಟಿಸಿನೋನ್ ಅಂತ ಔಷಧಿ. ಮೂಲತಃ ಕಳೆನಾಶಕದ ಸಂಶೋಧನೆಯಲ್ಲಿ ಸಿಕ್ಕ ಅಣು ಅದು! ಬೇಗ ಶುರು ಮಾಡಿದ ಮಕ್ಕಳಲ್ಲಿ ಗಡ್ಡೆ ಬರೋದು ತುಂಬ ಕಮ್ಮಿ ಆಯ್ತು.

ಇನ್ನೊಂದು, ಫೈಬ್ರೊಲ್ಯಾಮೆಲ್ಲರ್. ಹದಿಹರೆಯದವರಿಗೆ, ಇಪ್ಪತ್ತರ ಆಸುಪಾಸಿನವರಿಗೆ, ಲಿವರ್ ಚೆನ್ನಾಗಿರುವಾಗಲೇ ಬರೋದು. ಎಲಾನಾ ಸೈಮನ್ ಅನ್ನೋ ಅಮೆರಿಕದ ಹುಡುಗಿಗೆ ಹನ್ನೆರಡನೇ ವಯಸ್ಸಿಗೆ ಇದು ಬಂತು, ಶಸ್ತ್ರಚಿಕಿತ್ಸೆಯಿಂದ ಗುಣ ಆದಳು. ಹೈಸ್ಕೂಲಿನಲ್ಲಿದ್ದಾಗ ತನ್ನದೇ ಕಾಯಿಲೆಯ ಗಡ್ಡೆಗಳ ಮಾದರಿ ಕೂಡಿಸೋಕೆ ಹೊರಟಳು. ಆಪರೇಷನ್ ಮಾಡಿದ್ದ ಸರ್ಜನ್ ಜೊತೆಗೆ ನಿಂತರು, ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಅವಳ ಅಪ್ಪನ ಲ್ಯಾಬ್ ಇತ್ತು. ಆರ್‌ಎನ್‌ಎ ಸೀಕ್ವೆನ್ಸ್ ಡೇಟಾ ನೋಡಿದ್ರು. ಹತ್ತೊಂಬತ್ತನೇ ಕ್ರೋಮೋಸೋಮಿನಲ್ಲಿ ಸುಮಾರು ನಾಲ್ಕು ಲಕ್ಷ ಅಕ್ಷರ ಬಿಟ್ಟುಹೋಗಿ ಎರಡು ಜೀನ್‌ಗಳು ಬೆಸೆದುಕೊಂಡಿದ್ದವು. ಪರೀಕ್ಷಿಸಿದ ಹದಿನೈದಕ್ಕೆ ಹದಿನೈದರಲ್ಲೂ. 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಆಮೇಲೆ ಅವಳು ಹಾರ್ವರ್ಡಿನಲ್ಲಿ ಓದಿದ್ದು ಕಂಪ್ಯೂಟರ್ ಸೈನ್ಸ್. ನಮ್ಮ ವಿದ್ಯೆಯಿಂದ ಏನಾಗುತ್ತೆ ಅಂತ ಬೇಜಾರಾದಾಗೆಲ್ಲ ನಾನು ಆ ಪೇಪರ್ ತೆಗೆದು ನೋಡ್ತೀನಿ.

ನಮ್ಮ ಕಥೆಗೆ ವಾಪಸ್. ಲಿವರನ್ನು ನಾಲ್ಕು ಭಾಗ ಅಂತ ಎಣಿಸಿ, ಗಡ್ಡೆ ಎಷ್ಟು ಭಾಗದಲ್ಲಿದೆ ಅಂತ ಸಿಟಿಯಲ್ಲಿ ನೋಡ್ತಾರೆ. ನಮ್ಮದು ಎರಡರಲ್ಲಿ, ಬಲಗಡೆ. ಶ್ವಾಸಕೋಶಕ್ಕೆ ಹೋಗಿರಲಿಲ್ಲ. ಇಂಥವರಿಗೆ ಸಿಸ್ಪ್ಲಾಟಿನ್ ಒಂದೇ ಔಷಧಿ ಸಾಕು ಅಂತ 2009ರಲ್ಲಿ ಯುರೋಪಿನ ಗುಂಪು ತೋರಿಸಿತ್ತು. ಅಪಾಯ ಕಡಿಮೆ ಇರುವ ಆ ಗುಂಪಿನಲ್ಲಿ ಮೂರು ವರ್ಷದ ನಂತರ ನೂರಕ್ಕೆ ತೊಂಬತ್ತೈದು ಮಕ್ಕಳು ಬದುಕಿದ್ದರು. ಎಪ್ಪತ್ತರ ದಶಕದಲ್ಲಿ ಈ ಕಾಯಿಲೆಯಲ್ಲಿ ಮೂರರಲ್ಲಿ ಒಂದು ಮಗು ಉಳಿದರೆ ಹೆಚ್ಚು. ಹದಿನೈದು ದಿನಕ್ಕೊಂದರಂತೆ ನಾಲ್ಕು ಕೀಮೊ, ಡಿಸೆಂಬರ್‌ನಲ್ಲಿ ಆಪರೇಷನ್, ಮತ್ತೆ ಎರಡು. ಬಲಭಾಗ ತೆಗೆದ ಮೇಲೆ ಉಳಿದ ಲಿವರ್ ಕೆಲವೇ ತಿಂಗಳಲ್ಲಿ ಬೆಳೆದು ಜಾಗ ತುಂಬಿತು. ಗಡ್ಡೆಗೆ ಕಾರಣವಾದ ವಿಂಟ್ ದಾರಿ ಇದೆಯಲ್ಲ, ಲಿವರ್ ಮತ್ತೆ ಬೆಳೆಯೋದಕ್ಕೂ ಅದೇ ಬೇಕು. ಎಎಫ್‌ಪಿ ಐದಾರು ದಿನಕ್ಕೆ ಅರ್ಧ ಅರ್ಧ ಇಳೀಬೇಕು. ನಾನು ಗ್ರಾಫ್ ಹಾಕ್ತಿದ್ದೆ, ಲಾಗ್ ಸ್ಕೇಲಿನಲ್ಲಿ ನೇರ ಗೆರೆ. ಜೀವನದಲ್ಲಿ ಅಷ್ಟು ಸಲ ರಿಫ್ರೆಶ್ ಮಾಡಿದ ಡ್ಯಾಶ್‌ಬೋರ್ಡ್ ಬೇರೆ ಇಲ್ಲ.

ಸಿಸ್ಪ್ಲಾಟಿನ್‌ಗೆ ಒಂದು ಬೆಲೆ ಇದೆ. ಒಳಕಿವಿಯ ಕೋಶಗಳನ್ನು ಕೊಲ್ಲುತ್ತೆ, ಮೊದಲು ಹೋಗೋದು ತಾರಕ ಧ್ವನಿ. ಮಗಳಿಗೆ ಈಗ ಐದು ದಾಟಿದೆ, ಎರಡೂ ಕಿವಿಗೆ ಯಂತ್ರ ಇದೆ. ಯಂತ್ರ ಇಲ್ಲದಾಗ ಸ, ಶ ಎರಡೂ ಕೇಳಿಸಲ್ಲ. "ಶಾಲೆ" ಅನ್ನೋದು "ಆಲೆ" ಆಗುತ್ತೆ. ಕೀಮೊ ಆಗಿ ಆರು ಗಂಟೆಗೆ ಸೋಡಿಯಂ ಥಯೊಸಲ್ಫೇಟ್ ಕೊಟ್ಟರೆ ಕಿವಿ ಹೋಗೋದು ಅರ್ಧಕ್ಕೆ ಇಳಿಯುತ್ತೆ ಅಂತ 2018ರಲ್ಲೇ ಪ್ರಕಟ ಆಗಿತ್ತು: ಕೊಡದವರಲ್ಲಿ ನೂರಕ್ಕೆ 63, ಕೊಟ್ಟವರಲ್ಲಿ 33. ಅದೂ ಇದೇ ಕಾಯಿಲೆಯ ಮಕ್ಕಳಲ್ಲಿ ಮಾಡಿದ ಅಧ್ಯಯನ. ಹಳೇ ಫೋಟೊ ಸ್ಟುಡಿಯೋದವರು ಹೈಪೊ ಅಂತಿದ್ದರಲ್ಲ, ಅದೇ ಉಪ್ಪು. ನಮಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ, ಯಾಕಂದ್ರೆ ಆ ಎರಡು ತಿಂಗಳು ನಾನು ಓದಿದ್ದೆಲ್ಲ ಕಾರಣದ ಬಗ್ಗೆ, ಯಾರ ತಪ್ಪು ಅನ್ನೋದರ ಬಗ್ಗೆ. ಮುಂದೆ ಏನಾಗುತ್ತೆ ಅನ್ನೋದನ್ನು ಓದಲಿಲ್ಲ. ನಿಮಗೆ ಗೊತ್ತಿರುವ ಯಾವ ಮಗುವಿಗಾದರೂ ಸಿಸ್ಪ್ಲಾಟಿನ್ ಶುರು ಮಾಡ್ತಾರೆ ಅಂದರೆ, ಮೊದಲ ಡೋಸಿಗೆ ಮುಂಚೆ ಕಿವಿ ಪರೀಕ್ಷೆ ಮಾಡಿಸಿ, ಥಯೊಸಲ್ಫೇಟ್ ಈ ಮಗುವಿಗೆ ಕೊಡಬಹುದಾ ಅಂತ ಕೇಳಿ. ಹರಡಿರುವ ಕಾಯಿಲೆ ಇದ್ದರೆ ಲೆಕ್ಕ ಬೇರೆ, ಅದನ್ನು ಡಾಕ್ಟರ್ ಹೇಳ್ತಾರೆ. ಆದರೆ ಕೇಳಿ.

ಕೊನೆಯ ಎಎಫ್‌ಪಿ ಹೋದ ತಿಂಗಳು ಮಾಡಿಸಿದ್ದು, 3.1.

ದೊಡ್ಡಮ್ಮ ದಸರಾ ರಜೆಗೆ ಬಂದಿದ್ರು. ಗ್ರಹಣದ ಮಾತು ಎತ್ತಲಿಲ್ಲ, ನನ್ನ ಅಂಗಿ ಹತ್ತಿರ ಮೂಗು ತಂದು ಮೂಸಿ ನೋಡಿದ್ರು. ಅತ್ತೆಯೂ ಇದ್ರು. ಈಗಲೂ ಎಣ್ಣೆ ನೀರು ಹಾಕುವಾಗ ಬಲ ಪಕ್ಕೆಲುಬಿನ ಕೆಳಗೆ ಮೂರು ಬೆರಳಿಟ್ಟು ಒತ್ತಿ ನೋಡ್ತಾರೆ. ಸ್ನಾನಕ್ಕೆ ಕಿವಿ ಯಂತ್ರ ತೆಗೆದಿರುತ್ತೆ, ಅಜ್ಜಿ ಏನು ಹೇಳ್ತಾರೆ ಅಂತ ಅವಳಿಗೆ ಅರ್ಧ ಕೇಳಿಸಲ್ಲ. ಕಚಗುಳಿ ಆಗುತ್ತೆ ಅಂತ ಇಡೀ ಮನೆಗೆ ಕೇಳೋ ಹಾಗೆ ಕಿರುಚ್ತಾಳೆ.